ವಾಸಕ್ಕೆ ಊರನ್ನು ಆರಿಸುವ ಬಗೆ: ಸಂತೆಕಲ್ಲೂರಿನ ನಿದರ್ಶನ

ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ನೀತಿಶ್ಲೋಕವೊಂದು ಐದು ಅಂಗಗಳಿಲ್ಲದ ಊರಿನಲ್ಲಿ ಒಂದು ದಿನವೂ ವಾಸಮಾಡಲಾಗದೆಂದು ವಿಧಿಸುತ್ತದೆ. ಧನಿಕನು, ಶ್ರೋತ್ರಿಯನು, ಅರಸು, ಹೊಳೆ, ವೈದ್ಯನು ಎಂಬಿವೇ ಆ ಐದು. ಈ ಶ್ಲೋಕವನ್ನು ನಮ್ಮ ಅಧ್ಯಾಪಕ ವರ್ಗದವರು ಬಾಲ್ಯದಲ್ಲಿ ಬಾಯಿಪಾಠ ಮಾಡಿರುತ್ತಾರೆ. ಅನೇಕರು ಅದನ್ನು ಪಾಠವಾಗಿ ಹೇಳಿಯೂ ಇರುತ್ತಾರೆ. ಆದರೆ ವರ್ಗಾವಣೆಯ ಆಜ್ಞೆಯು ಕೈಗೆ ಬಂದ ದಿನ ಅವರಲ್ಲಿ ಎಷ್ಟು ಮಂದಿ ಇದನ್ನು ನೆನೆಯುವರೋ ತಿಳಿಯದು. ಆ ಹೊತ್ತಿನಲ್ಲಿ ಬಾಯಿಗೆ ಬರುವ ಪ್ರಶ್ನೆ ಒಂದೇ: ಆ ಊರು ಪೇಟೆಗೆ ಎಷ್ಟು ದೂರ?

ಈ ಪ್ರಶ್ನೆಯು ಅಲ್ಪವಾದುದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಪೇಟೆಯ ಸಾಮೀಪ್ಯವೊಂದನ್ನೇ ಗುಣವೆಂದೆಣಿಸಿ ಸಣ್ಣ ಊರಿನ ವಾಸಯೋಗ್ಯತೆಯನ್ನು ನಿರ್ಣಯಿಸಿದರೆ ತಪ್ಪಾಗುವುದೆಂಬುದನ್ನೂ, ನೀತಿಕಾರನ ಪಟ್ಟಿಯಲ್ಲಿ ಸೇರದೆ ಹೋದ ಆರನೆಯದೊಂದು ಅಂಗವು ಈ ನಿರ್ಣಯಕ್ಕೆ ಹೆಚ್ಚು ನೆರವಾಗುವುದೆಂಬುದನ್ನೂ ಇಲ್ಲಿ ವಿಚಾರಿಸಬೇಕಾಗಿದೆ. ನಿದರ್ಶನಕ್ಕಾಗಿ ರಾಯಚೂರು ಜಿಲ್ಲೆಯ ಸಂತೆಕಲ್ಲೂರನ್ನು ಆರಿಸಿಕೊಂಡಿದ್ದೇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಪಟ್ಟಣಗಳ ಸೀಮೆಯಲ್ಲಿರುವ ಈ ಊರನ್ನು ಪಟ್ಟಣವೆನ್ನುವಂತಿಲ್ಲ. ಬರಿಯ ಹಳ್ಳಿಯೆಂದು ಬಿಟ್ಟುಬಿಡುವಂತೆಯೂ ಇಲ್ಲ. ಈ ಮೂರರಲ್ಲೊಂದು ಪಟ್ಟಣದ ಕಾಲೇಜಿಗೋ ಪ್ರೌಢಶಾಲೆಗೋ ಬಂದ ಕನ್ನಡ ಅಧ್ಯಾಪಕನೊಬ್ಬನು ಮನೆಯನ್ನು ಪಟ್ಟಣದಲ್ಲಿ ಹಿಡಿಯಬೇಕೇ, ಸಂತೆಕಲ್ಲೂರಿನಂತಹ ಊರಿನಲ್ಲಿ ಹಿಡಿಯಬೇಕೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಸರಕಾರವು ಈ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಆಗಲೇ ಅಂಕಿಗಳಲ್ಲಿ ಬರೆದಿಟ್ಟಿದೆ: ನೌಕರರ ಮನೆಬಾಡಿಗೆಯ ಭತ್ಯವು ಊರಿನ ಜನಸಂಖ್ಯೆಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ತಲೆಗಳನ್ನು ಎಣಿಸಿ ಊರಿನ ಬೆಲೆ ಕಟ್ಟುವ ಈ ಕ್ರಮವು ಲೆಕ್ಕಪತ್ರಕ್ಕೆ ಅನುಕೂಲವಾದುದು. ವಾಸಮಾಡುವವನಿಗೆ ಅದರಿಂದ ತಿಳಿಯುವುದು ಅತ್ಯಲ್ಪ.

ಮೊದಲು ಊರಿನ ಹೆಸರು. ಕಲ್ + ಊರು ಸೇರಿ ಕಲ್ಲೂರಾಗುವುದು ವ್ಯಾಕರಣದ ಆರಂಭಪಾಠ. ಗುಂಡುಗಲ್ಲಿನ ಗುಡ್ಡಗಳು ಎಲ್ಲೆಲ್ಲಿಯೂ ಎದ್ದು ನಿಂತಿರುವ ಈ ಸೀಮೆಯಲ್ಲಿ ಕಲ್ಲೂರುಗಳು ಒಂದಕ್ಕಿಂತ ಹೆಚ್ಚಾಗಿರುವುದು ಆಶ್ಚರ್ಯವಲ್ಲ. ರಾಯಚೂರು-ಲಿಂಗಸುಗೂರು ದಾರಿಯಲ್ಲಿ ಮಹಾಲಕ್ಷ್ಮಿಯ ದೇವಾಲಯದಿಂದ ಪ್ರಸಿದ್ಧವಾದ ಕಲ್ಲೂರೊಂದಿದೆ. ಮಸ್ಕಿಯ ಸೀಮೆಯಲ್ಲಿಯೇ ಪಾಮನಕಲ್ಲೂರು ಇನ್ನೊಂದಿದೆ. ಜನರು ಕಲ್ಲೂರನ್ನು ಕೆಲ್ಲೂರೆಂದೂ ಉಚ್ಚರಿಸಿ ಬರೆಯುವುದುಂಟು. ಹೀಗೆ ಒಂದೇ ಹೆಸರಿನ ಊರುಗಳು ನೆರೆಯಲ್ಲಿದ್ದಾಗ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಪೂರ್ವಪದವೊಂದು ಬೇಕಾಗುತ್ತದೆ. ಆ ಪೂರ್ವಪದವನ್ನು ಊರಿನವರು ತಾವಾಗಿ ಇಟ್ಟುಕೊಳ್ಳುವುದಕ್ಕಿಂತ ನೆರೆಯವರು ಇಡುವುದೇ ಹೆಚ್ಚು. ತಮ್ಮ ಊರನ್ನು ಕಲ್ಲೂರು ಎಂದರೆ ಅಲ್ಲಿಯವರಿಗೆ ಸಾಕು. ಯಾವ ಕಲ್ಲೂರು ಎಂದು ಕೇಳಿಸಿಕೊಳ್ಳುವವನು ದಾರಿಹೋಕನು. ಅವನಿಗೆ ದೊರೆತ ಉತ್ತರ, ಸಂತೆ ನಡೆಯುವ ಕಲ್ಲೂರು ಎಂಬುದು. ಆದುದರಿಂದ ಈ ಹೆಸರಿನಲ್ಲಿ ಸುತ್ತಣ ಹಳ್ಳಿಗಳ ಒಂದು ತೀರ್ಪು ಅಡಗಿದೆಯೆಂದು ಹೇಳಬಹುದು: ಅವರ ಪಾಲಿಗೆ ಈ ಊರಿನ ಪ್ರಯೋಜನವೆಂದರೆ ಸಂತೆ. ಸಂತೇಬೆನ್ನೂರು, ಸಂತೇಮರಹಳ್ಳಿ, ಸಂತೇಶಿವರ ಮುಂತಾದ ಹೆಸರುಗಳಲ್ಲಿಯೂ ಇದೇ ತೀರ್ಪನ್ನು ಓದಬಹುದಾಗಿದೆ.

ಸಂತೆಯೆಂಬ ಶಬ್ದವನ್ನು ಸಂಸ್ಥಾ ಶಬ್ದದ ತದ್ಭವವೆಂದು ಹೇಳುವ ವಾಡಿಕೆಯಿದೆ. ನಾವು ಇಂದು ಸಂಸ್ಥೆಯೆಂದರೆ ಕಟ್ಟಡ, ಅಧ್ಯಕ್ಷರು, ನಿಯಮಾವಳಿ ಇವುಗಳನ್ನು ಮನಸ್ಸಿಗೆ ತಂದುಕೊಳ್ಳುತ್ತೇವೆ. ತದ್ಭವವಾದ ಸಂತೆಗೆ ಇವೊಂದೂ ಇಲ್ಲ. ಆದರೂ ಅದು ವಾರವಾರವೂ ತಪ್ಪದೆ ಕೂಡುತ್ತದೆ, ಸಂಜೆಗೆ ಚದರುತ್ತದೆ. ನಮ್ಮ ಶಾಸನಗಳಲ್ಲಿ ಸಂತೆಯನ್ನು ನೆಲೆಗೊಳಿಸಿದ ವಿಚಾರವೂ, ಸಂತೆಯ ಸುಂಕವನ್ನು ದೇವಾಲಯಕ್ಕೆ ಬಿಟ್ಟ ವಿಚಾರವೂ, ಪಟ್ಟಣಸ್ವಾಮಿಗೆ ಅಧಿಕಾರವನ್ನು ಕೊಟ್ಟ ವಿಚಾರವೂ ಬರುತ್ತವೆ. ಹೊಸ ಪೇಟೆಗೆ ಬಂದು ನೆಲೆಸುವವರಿಗೆ ಆರಂಭದ ಕೆಲವು ವರ್ಷ ತೆರಿಗೆಯನ್ನು ಬಿಟ್ಟು ಕೌಲು ಕೊಡುವ ಪದ್ಧತಿಯೂ ಇದ್ದಿತು. ಎಂದರೆ, ಊರಿಗೆ ಹೊಸಬರನ್ನು ಕರೆಯುವುದು ಹೇಗೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಯೋಚಿಸಿದ್ದರು. ಅರಮನೆಯ ಸಾಮೀಪ್ಯವನ್ನು ತೋರಿಸಿ ಕರೆಯುತ್ತಿರಲಿಲ್ಲ, ವ್ಯವಹಾರದ ಅನುಕೂಲವನ್ನು ತೋರಿಸಿ ಕರೆಯುತ್ತಿದ್ದರು. ಇಷ್ಟಿದ್ದೂ ನೀತಿಶ್ಲೋಕದ ಐದರಲ್ಲಿ ಸಂತೆಗೆ ಸ್ಥಾನವಿಲ್ಲ. ಧನಿಕನೆಂಬ ಮಾತಿನಲ್ಲಿ ಅದು ಅಡಕವಾಗಿದೆಯೆಂದು ವಾದಿಸಬಹುದು. ಆದರೆ ಧನಿಕನು ಒಬ್ಬನೇ ಇರುತ್ತಾನೆ. ಸಂತೆ ಒಬ್ಬನಿಂದ ಆಗುವುದಲ್ಲ.

ಐದು ಅಂಗಗಳಲ್ಲಿ ಅರಸನನ್ನು ಮೊದಲು ತೆಗೆದುಕೊಳ್ಳೋಣ. ಅಧಿಕಾರದ ಪೀಠವಿರುವ ಊರಿನಲ್ಲಿ ವಾಸ ಲೇಸೆಂಬ ನಂಬಿಕೆ ಇಂದಿಗೂ ಬಲವಾಗಿದೆ. ತಾಲೂಕು ಕೇಂದ್ರವೆಂಬ ಮಾತಿಗೆ ನಿವೇಶನದ ಬೆಲೆ ಏರುತ್ತದೆ. ಈ ನಂಬಿಕೆಯನ್ನು ಪರೀಕ್ಷಿಸಲು ಈ ಸೀಮೆಗಿಂತ ಒಳ್ಳೆಯ ಸ್ಥಳ ದೊರೆಯಲಾರದು. ಮಸ್ಕಿಯ ಗುಡ್ಡದ ಬಂಡೆಯಲ್ಲಿರುವ ಅಶೋಕನ ಕಿರುಶಾಸನವನ್ನು ೧೯೧೫ರಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಇಂಜಿನಿಯರು ಕಂಡರು. ಅದೇ ವರ್ಷ ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಹೈದರಾಬಾದಿನ ಪ್ರಾಕ್ತನ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಹೆಸರು ಸಹಿತವಾಗಿ ಮೊದಲು ತಿಳಿದುದು ಈ ಬಂಡೆಯಿಂದ. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಇಲ್ಲಿ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗಿನ ವಸತಿಯ ನಾಲ್ಕು ಕಾಲಘಟ್ಟಗಳು ಕಂಡುಬಂದವು. ಚಾಳುಕ್ಯ ಜಯಸಿಂಹನ ಕಾಲದ ಶಾಸನದಲ್ಲಿ ಈ ಊರು ರಾಜಧಾನಿ ಪಿರಿಯ ಮೊಸಂಗಿಯಾಗಿದೆ. ರಾಜೇಂದ್ರ ಚೋಳನಿಗೂ ಜಯಸಿಂಹನಿಗೂ ೧೦೨೧ರ ಸುಮಾರಿನಲ್ಲಿ ಯುದ್ಧವಾದ ಮುಸಂಗಿಯು ಇದೇ ಎಂದು ಹಲವು ವಿದ್ವಾಂಸರ ಮತ.

ಇಂತಹ ಊರು ಕಳೆದ ಶತಮಾನದಲ್ಲಿ ಲಿಂಗಸುಗೂರು ತಾಲೂಕಿನ ಒಂದು ಊರು ಮಾತ್ರವಾಗಿತ್ತು. ೨೦೧೮ರಲ್ಲಿ ಅದಕ್ಕೆ ತಾಲೂಕಿನ ಪದವಿ ಬಂದಿತು. ಲಿಂಗಸುಗೂರಿನ ಕಥೆ ಇದಕ್ಕೆ ಪ್ರತಿಯಾದುದು. ನಿಜಾಮರ ರಾಜ್ಯದಲ್ಲಿ ಅದು ಜಿಲ್ಲೆಯ ಕೇಂದ್ರ. ಸೈನ್ಯದ ಪಾಳೆಯವಿದ್ದುದರಿಂದ ಛಾವಣಿಯೆಂಬ ಹೆಸರು ಇಂದಿಗೂ ಅಂಟಿಕೊಂಡಿದೆ, ಹಳೆಯ ಊರು ಕಸಬಾ ಎನಿಸಿಕೊಂಡಿದೆ. ೧೯೦೫ರ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆಯನ್ನೇ ತೆಗೆದುಹಾಕಲಾಯಿತು. ೧೯೦೪ರಲ್ಲಿ ಜಿಲ್ಲಾ ಕೇಂದ್ರವೆಂದು ನಂಬಿ ಅಲ್ಲಿ ಮನೆ ಕಟ್ಟಿಸಿದ ವಕೀಲನೊಬ್ಬನಿದ್ದರೆ ಅವನ ಮನಃಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಆಮೇಲೆ ೧೯೪೮ರಲ್ಲಿ ಅರಸನೇ ಹೋದನು. ೧೯೫೬ರಲ್ಲಿ ರಾಜ್ಯವೂ ಬದಲಾಯಿತು. ಒಂದು ಪಟ್ಟಣದಿಂದ ಇನ್ನೊಂದಕ್ಕೆ ಕಚೇರಿಯು ಹೋಗುವುದು ಅರಸನ ಒಂದು ಸಹಿಯಿಂದ. ಸಂತೆಯನ್ನು ಹೀಗೆ ಒಯ್ಯಲು ಬಾರದು. ಅದನ್ನು ಒಯ್ಯಲು ಯತ್ನಿಸಿ ಸೋತ ಅಧಿಕಾರಿಗಳ ಕಥೆ ನಮ್ಮ ಪ್ರತಿಯೊಂದು ಸೀಮೆಯಲ್ಲಿಯೂ ಇರುತ್ತದೆ. ಇಷ್ಟಾದರೂ ಹೊರಗಿನಿಂದ ಬರುವವನು ಅರಸನನ್ನು ಪೂರ್ತಿಯಾಗಿ ಮರೆಯುವಂತಿಲ್ಲ. ೨೦೧೨ರಲ್ಲಿ ಸಂಸತ್ತು ಅಂಗೀಕರಿಸಿದ ೯೮ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ೩೭೧ (ಜೆ) ಎಂಬ ವಿಧಿಯು ಸೇರಿ, ಈ ಭಾಗದವರಿಗೆ ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ಆಧಾರ ದೊರೆಯಿತು. ಬಹುಕಾಲ ಹಿಂದುಳಿದ ಸೀಮೆಗೆ ಇದು ನ್ಯಾಯವೇ ಸರಿ. ಮಕ್ಕಳೊಡನೆ ಬರುವ ಅಧ್ಯಾಪಕನು ತನ್ನ ಮಕ್ಕಳಿಗೆ ಇದು ಅನ್ವಯಿಸುವುದೋ ಇಲ್ಲವೋ ಎಂಬುದನ್ನು ಮೊದಲೇ ಓದಿಕೊಂಡು ಬರುವುದು ವಿವೇಕ.

ಇನ್ನು ಹೊಳೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡನ್ನು ಶಾಸನಗಳು ಎಡೆದೊರೆ ಎರಡು ಸಾವಿರವೆಂದು ಕರೆಯುತ್ತವೆ. ಎರಡು ಹೊಳೆಗಳ ಎಡೆಯ ನಾಡೆಂಬ ಹೆಸರನ್ನು ಕೇಳಿದವನಿಗೆ ಹಸುರಿನ ಚಿತ್ರವೇ ಮೂಡುವುದು ಸಹಜ. ವಾಸ್ತವದಲ್ಲಿ ಹೊಳೆಯಿಂದ ದೂರವಾದ ನೆಲವು ಎರೆ, ಮಸಾರಿಗಳ ಒಣಭೂಮಿ. ಜೋಳ, ಸಜ್ಜೆ, ತೊಗರಿ, ಹತ್ತಿಗಳ ಸೀಮೆ. ಮಳೆ ತಪ್ಪಿದ ವರ್ಷ ಬರವು ನಿಶ್ಚಿತ. ಹೊಳೆಯು ಈ ನೆಲದ ಒಂದು ಪಾಲಿಗೆ ಬಂದುದು ನಮ್ಮ ಕಾಲದಲ್ಲಿ. ತುಂಗಭದ್ರಾ ಅಣೆಕಟ್ಟಿಗೆ ೧೯೪೫ರ ಫೆಬ್ರವರಿಯಲ್ಲಿ ಹೊಳೆಯ ಎರಡು ದಡಗಳಲ್ಲಿಯೂ ಶಂಕುಸ್ಥಾಪನೆಯಾಯಿತು, ಒಂದು ದಡ ಹೈದರಾಬಾದಿನದು, ಇನ್ನೊಂದು ಮದರಾಸಿನದು. ೧೯೫೩ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. ಸುಮಾರು ೨೨೭ ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆಯು ಸಿಂಧನೂರಿನ ಸೀಮೆಯನ್ನು ಬತ್ತದ ನಾಡನ್ನಾಗಿ ಮಾಡಿತು. ಸಣ್ಣ ಊರಾಗಿದ್ದ ಸಿಂಧನೂರಿನ ಜನಸಂಖ್ಯೆಯು ೨೦೧೧ರ ಗಣತಿಯಲ್ಲಿ ೭೫ ಸಾವಿರದ ಆಸುಪಾಸಿಗೆ ಬಂದಿತ್ತು. ಅದು ಈಗ ನಗರಸಭೆಯ ಊರು. ರಾಯಚೂರಿಗೆ ೧೮೭೧ರಲ್ಲಿ ಬಂದ ರೈಲು ಸಿಂಧನೂರಿಗೆ ಬಂದುದು ೨೦೨೪ರಲ್ಲಿ. ರೈಲಿಲ್ಲದೆಯೇ ಊರು ಬೆಳೆದುದನ್ನು ನೋಡಿದರೆ ನೀರಿನ ಬಲವೆಷ್ಟೆಂಬುದು ತಿಳಿಯುತ್ತದೆ.

ಊರನ್ನು ಆರಿಸುವ ವಿಚಾರದಲ್ಲಿ ನಮಗೆ ಪಾಠ ಹೇಳಬಲ್ಲವರು ಈ ಕಾಲುವೆಯ ಸೀಮೆಗೆ ಬಂದ ಜನರು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದರು. ಅಲ್ಲಿ ನೆಲ ತುಟ್ಟಿ, ಇಲ್ಲಿ ಅಗ್ಗ. ಗದ್ದೆಯ ಬೇಸಾಯವು ಅವರಿಗೆ ವಂಶಪರಂಪರೆಯ ವಿದ್ಯೆ, ಇಲ್ಲಿಯ ಒಣಬೇಸಾಯಗಾರನಿಗೆ ಹೊಸದು. ಅಲ್ಲಿ ಸ್ವಲ್ಪ ಮಾರಿ ಇಲ್ಲಿ ಬಹಳ ಕೊಂಡರು. ಅವರು ಹಳೆಯ ಊರುಗಳೊಳಗೆ ಮನೆ ಮಾಡಲಿಲ್ಲ. ಹೊಲದ ಬಳಿಯಲ್ಲಿಯೇ ವಸತಿ ಕಟ್ಟಿಕೊಂಡರು. ಅವುಗಳಿಗೆ ಕ್ಯಾಂಪು ಎಂದು ಹೆಸರಾಯಿತು. ಎರಡು ಮೂರು ತಲೆಮಾರು ಕಳೆದರೂ ಆ ತಾತ್ಕಾಲಿಕವಾದ ಹೆಸರು ಹೋಗಲಿಲ್ಲ. ೧೯೭೧ರ ಸುಮಾರಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರನ್ನು ಸರಕಾರವು ತಂದು ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಇವರು ಈ ಊರನ್ನು ಆರಿಸಿದವರಲ್ಲ, ಊರು ಅವರಿಗೆ ವಿಧಿಸಲ್ಪಟ್ಟುದು. ಮೂರನೆಯವರು ಇಲ್ಲಿಯವರೇ ಆದ ಒಣಭೂಮಿಯ ಜನ. ಬೇಸಗೆ ಬಂದೊಡನೆ ಇವರಲ್ಲಿ ಸಾವಿರಾರು ಮಂದಿ ಕೂಲಿಗಾಗಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ಗುಳೆಯೆಂಬ ಶಬ್ದದ ಇತಿಹಾಸವು ನೋವಿನದು. ಹಿಂದೆ ತೆರಿಗೆಯ ಹಿಂಸೆಯನ್ನು ತಾಳಲಾರದೆ ಊರಿಗೆ ಊರೇ ಎದ್ದುಹೋಗುತ್ತಿದ್ದುದೂ ಗುಳೆಯೇ. ಈಗ ಮನೆಯ ಮುದುಕರನ್ನು ಬಾಗಿಲಲ್ಲಿ ಕೂರಿಸಿ ಉಳಿದವರು ಹೋಗುವುದೂ ಗುಳೆಯೇ. ಹೀಗೆ ಒಂದೇ ಸೀಮೆಯನ್ನು ಒಬ್ಬನು ಆರಿಸಿ ಬಂದನು, ಒಬ್ಬನು ತರಲ್ಪಟ್ಟನು, ಒಬ್ಬನು ಬಿಟ್ಟು ಹೋಗುತ್ತಿರುವನು. ಮಾಘಮಾಸದಲ್ಲಿ ಮನೆ ನೋಡಲು ಬಂದ ಅಧ್ಯಾಪಕನಿಗೆ ಬೀದಿಯಲ್ಲಿ ಬೀಗ ಹಾಕಿದ ಮನೆಗಳು ಕಂಡರೆ, ಬಾಡಿಗೆ ಸುಲಭವಾಗಿ ದೊರೆಯುವುದೆಂದು ಸಂತೋಷಪಡುವ ಮುಂಚೆ ಬೀಗ ಹಾಕಿದವರು ಎಲ್ಲಿಗೆ ಹೋದರೆಂದು ಕೇಳಬೇಕು.

ನೀರೊಂದನ್ನೇ ನೋಡಿ ಆರಿಸಿದವರ ಲೆಕ್ಕವೂ ಪೂರ್ತಿ ಸರಿಯಾಗಲಿಲ್ಲವೆಂಬುದನ್ನು ಹೇಳಬೇಕು. ಎಡದಂಡೆಯ ಯೋಜನೆಯನ್ನು ಮಾಡಿದಾಗ ಹೆಚ್ಚಿನ ನೆಲಕ್ಕೆ ಮಿತವಾದ ನೀರು, ಜೋಳ ಹತ್ತಿಗಳಂತಹ ಅರೆನೀರಾವರಿಯ ಬೆಳೆ ಎಂಬುದು ಕ್ರಮವಾಗಿತ್ತು. ಮೇಲ್ಭಾಗದವರು ಬತ್ತವನ್ನೇ ಹಿಡಿದುದರಿಂದ ಕಾಲುವೆಯ ಕೊನೆಯ ಭಾಗದವರಿಗೆ ನೀರು ಸಾಲದಾಯಿತು. ನೀರು ನಿಂತ ಗದ್ದೆಗಳಲ್ಲಿ ಸವಳು ಎದ್ದಿತು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು ೧೩೩ ಟಿ.ಎಂ.ಸಿ.ಯಷ್ಟಿದ್ದ ಸಾಮರ್ಥ್ಯವು ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ತೂಬಿನ ಬಾಗಿಲು ಸರಪಣಿ ಹರಿದು ಕೊಚ್ಚಿಹೋದಾಗ, ಕಾಲುವೆಯನ್ನು ನಂಬಿದ ಇಡೀ ಸೀಮೆಯು ಉಸಿರು ಬಿಗಿಹಿಡಿದು ಕುಳಿತಿತ್ತು. ಕಾಲುವೆ ತಲುಪದ ಮಸ್ಕಿಯ ಕಡೆಯ ಹಳ್ಳಿಗಳವರು ನಾರಾಯಣಪುರ ಬಲದಂಡೆಯ ೫ಎ ಕಾಲುವೆಗಾಗಿ ೨೦೨೦ರ ನವೆಂಬರಿನಿಂದ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತುದೂ ಇದೇ ನೀರಿನ ವಿಚಾರಕ್ಕೆ. ಹೆಸರಿನಲ್ಲಿ ಸಂತೆಕಲ್ಲೂರಿಗೆ ದಾಯಾದಿಯಾದ ಊರಿನಲ್ಲಿಯೇ ಆ ಧರಣಿ ನಡೆದುದನ್ನು ನಾವು ಗಮನಿಸಬೇಕು: ಕಲ್ಲೂರುಗಳ ಸೀಮೆಗೆ ಹೊಳೆಯೆಂಬುದು ಇನ್ನೂ ಬೇಡಿಕೆಯೇ.

ಅಧ್ಯಾಪಕನು ಗದ್ದೆ ಮಾಡುವವನಲ್ಲ; ಅವನಿಗೆ ಬೇಕಾದುದು ಕುಡಿಯುವ ನೀರು. ಇಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ರಾಯಚೂರು ಜಿಲ್ಲೆಯ ಅನೇಕ ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶವು ಮಿತಿಮೀರಿದೆ. ಹಟ್ಟಿಯ ಚಿನ್ನದ ಗಣಿಯ ಪಟ್ಟಿಯಲ್ಲಿ ಕೆಲವೆಡೆ ಆರ್ಸೆನಿಕ್ ಕೂಡ ಕಂಡುಬಂದಿದೆ. ನೀರು ತಿಳಿಯಾಗಿದೆ, ರುಚಿಯಾಗಿದೆ ಎಂಬುದರಿಂದ ಇವು ಗೊತ್ತಾಗುವುದಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಮೂಡಿದ ಮಕ್ಕಳು ಶಾಲೆಯಲ್ಲಿ ಎಷ್ಟು ಮಂದಿಯೆಂದು ನೋಡಿದರೆ ಊರಿನ ಕೊಳವೆಬಾವಿಯ ಚರಿತ್ರೆಯು ಒಂದಿಷ್ಟು ತಿಳಿದೀತು. ಮಿಕ್ಕುದನ್ನು ನೀರಿನ ಪರೀಕ್ಷೆಯಿಂದಲೇ ತಿಳಿಯಬೇಕು. ಮನೆಯ ಬಾಡಿಗೆಯನ್ನು ಕೇಳುವ ಮುಂಚೆ ಕುಡಿಯುವ ನೀರು ಕೆರೆಯದೋ, ಹೊಳೆಯದೋ, ಕೊಳವೆಬಾವಿಯದೋ, ಶುದ್ಧೀಕರಣದ ಘಟಕವು ನಡೆಯುತ್ತಿದೆಯೋ ಕೆಟ್ಟು ನಿಂತಿದೆಯೋ ಎಂದು ಕೇಳಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯನ್ನು ಹೊಸ ಸೊಸೆಯನ್ನು ನೋಡುವ ಕುತೂಹಲಕ್ಕೆ ಮಾತ್ರ ಅನ್ವಯಿಸುತ್ತೇವೆ. ಬಂದವಳು ಊರನ್ನು ಅಳೆಯುವುದೂ ಆ ನೀರಿನ ದಾರಿಯಲ್ಲಿಯೇ. ಮನೆಯ ನಿರ್ಣಯವನ್ನು ಗಂಡಸರೊಬ್ಬರೇ ಮಾಡಿ ಮುಗಿಸುವ ನಮ್ಮ ಪದ್ಧತಿಯು ಈ ಒಂದು ಕಾರಣದಿಂದಲೇ ಬಿಡಬೇಕಾದುದು.

ಧನಿಕ, ವೈದ್ಯರ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ೧೯೭೬ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿದ ಮೇಲೆ ಧನಿಕನ ಸ್ಥಾನಕ್ಕೆ ಈ ಕಡೆಯ ಹಳ್ಳಿಗಳಲ್ಲಿಯೂ ಶಾಖೆಗಳು ಬಂದವು. ಸಾಹುಕಾರನ ಬಾಗಿಲು ಅದರಿಂದ ಮುಚ್ಚಿತೆಂದು ಹೇಳಲಾಗದು. ವೈದ್ಯನು ಪಟ್ಟಣದಲ್ಲಿದ್ದಾನೆ. ದೊಡ್ಡ ರೋಗಕ್ಕೆ ೨೦೦೭ರಲ್ಲಿ ಸ್ಥಾಪನೆಯಾದ ರಾಯಚೂರಿನ ವೈದ್ಯವಿಜ್ಞಾನ ಸಂಸ್ಥೆಯವರೆಗೆ ಹೋಗಬೇಕು. ಏಮ್ಸ್ ಆಸ್ಪತ್ರೆಯು ರಾಯಚೂರಿಗೇ ಬೇಕೆಂದು ೨೦೨೨ರ ಮೇ ತಿಂಗಳಿನಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ದಾಟಿತು. ವೃದ್ಧರಾದ ತಂದೆತಾಯಿಗಳನ್ನೋ, ತುಂಬುಬಸುರಿಯಾದ ಹೆಂಡತಿಯನ್ನೋ ಕರೆದುಕೊಂಡು ಬರುವವನು ಪಟ್ಟಣದಲ್ಲಿಯೇ ಮನೆ ಹಿಡಿಯುವುದು ಸರಿ; ಅಲ್ಲಿ ವಾದಕ್ಕೆ ಎಡೆಯಿಲ್ಲ.

ಶ್ರೋತ್ರಿಯನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕಾಗಿದೆ. ಇಲ್ಲಿಯ ವಾಚಕರಿಗೆ ಇದೇ ಹೃದಯಕ್ಕೆ ಹತ್ತಿರವಾದ ಪ್ರಶ್ನೆ: ವಿದ್ಯಾವಂತನು ಹಳ್ಳಿಯಲ್ಲಿ ನಿಂತರೆ ಅವನ ವಿದ್ಯೆಯು ಬತ್ತಿಹೋಗದೇ? ೨೦೧೧ರ ಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ ೭೫ರ ಮೇಲಿದ್ದಾಗ ರಾಯಚೂರು ಜಿಲ್ಲೆಯದು ೬೦ನ್ನು ಮುಟ್ಟಿರಲಿಲ್ಲ. ಅಂಕಿಯನ್ನು ನೋಡಿದವನು ಹಿಂಜರಿದರೆ ತಪ್ಪೆನ್ನಲಾಗದು. ಆದರೆ ಈ ಎಡೆದೊರೆ ನಾಡಿನ ಸಾಹಿತ್ಯವು ಹುಟ್ಟಿದ ಸ್ಥಳಗಳನ್ನು ಒಮ್ಮೆ ಎಣಿಸಿ ನೋಡಬೇಕು. ವಿಜಯದಾಸರು ಚೀಕಲಪರವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಹರಿಕಥಾಮೃತಸಾರದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು, ಅವರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಇವುಗಳಲ್ಲಿ ಒಂದೂ ನಗರವಲ್ಲ. ಹಾಡನ್ನು ಕೇಳುವವರೂ ಕಲಿಯುವವರೂ ಆ ಊರುಗಳಲ್ಲಿಯೇ ಇದ್ದರು, ಇಲ್ಲವೇ ನಡೆದು ಬರುವಷ್ಟು ದೂರದಲ್ಲಿದ್ದರು.

ಸಂತೆಕಲ್ಲೂರಿಗೂ ಈ ಪಟ್ಟಿಯಲ್ಲಿ ಸ್ಥಾನವಿದೆ, ಬೇರೊಂದು ರೀತಿಯಿಂದ. ಅಲ್ಲಿಯ ಘನಮಠದ ಶಿವಯೋಗಿಗಳು ೧೯ನೆಯ ಶತಮಾನದಲ್ಲಿ ಕೃಷಿಜ್ಞಾನಪ್ರದೀಪಿಕೆಯೆಂಬ ಗ್ರಂಥವನ್ನು ರಚಿಸಿದರು. ಮಠದಲ್ಲಿ ಕುಳಿತವರು ತತ್ತ್ವವನ್ನು ಬರೆಯುವುದು ನಮಗೆ ಪರಿಚಿತ. ಬೇಸಾಯಗಾರನಿಗಾಗಿ ಬೇಸಾಯವನ್ನೇ ವಿಷಯವಾಗಿಟ್ಟುಕೊಂಡು ಬರೆಯುವುದು ವಿರಳ. ನಮ್ಮ ಸಾಹಿತ್ಯಚರಿತ್ರೆಗಳು ಇಂತಹ ಶಾಸ್ತ್ರಗ್ರಂಥಗಳನ್ನು ಒಂದೆರಡು ಸಾಲಿನಲ್ಲಿ ಮುಗಿಸುವುದು ವಾಡಿಕೆಯಾಗಿದೆ. ಕಾವ್ಯವನ್ನು ಓದುವ ಕಣ್ಣಿನಿಂದಲೇ ಇವನ್ನೂ ಓದಿದುದರ ಫಲ ಅದು. ಆ ಗ್ರಂಥವು ರಾಯಚೂರಿನಲ್ಲಿ ಹುಟ್ಟದೆ ಸಂತೆಯ ಊರಿನಲ್ಲಿ ಹುಟ್ಟಿದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಸಂತೆಗೆ ಬರುವ ರೈತನು ಕಾಳನ್ನೂ ಎತ್ತನ್ನೂ ಮಾತ್ರ ತರುವುದಿಲ್ಲ; ಈ ವರ್ಷ ಯಾವ ಹೊಲದಲ್ಲಿ ಯಾವ ಬೀಜ ಸೋತಿತು, ಯಾವ ಮಳೆಗೆ ಬಿತ್ತಿದವನು ಉಳಿದನು ಎಂಬ ಸುದ್ದಿಯನ್ನೂ ತರುತ್ತಾನೆ. ಹತ್ತು ಹಳ್ಳಿಗಳ ಅನುಭವವು ವಾರಕ್ಕೊಮ್ಮೆ ತಾನಾಗಿ ಬಂದು ಕೂಡುವ ಸ್ಥಳದಲ್ಲಿ ಕುಳಿತವನಿಗೆ ಕೃಷಿಯ ಗ್ರಂಥವನ್ನು ಬರೆಯುವ ಸಾಮಗ್ರಿಯು ದೊರೆಯುವುದು ಸಂಭವನೀಯ. ಇದು ನಮ್ಮ ಊಹೆ; ಗ್ರಂಥವನ್ನೂ ಊರನ್ನೂ ಒಟ್ಟಿಗೆ ಇಟ್ಟುಕೊಂಡು ಓದಬಲ್ಲ ಯುವಕನೊಬ್ಬನು ಇದನ್ನು ಪರೀಕ್ಷಿಸಲಿ. ಅವನಿಗೆ ಆ ಕೆಲಸವನ್ನು ಸಿಂಧನೂರಿನ ಬಾಡಿ��ಗೆಮನೆಯಲ್ಲಿ ಕುಳಿತು ಮಾಡುವುದಕ್ಕಿಂತ ಊರಿನಲ್ಲಿ ಇದ್ದುಕೊಂಡು ಮಾಡುವುದು ಸುಲಭವೆಂಬುದು ಮಾತ್ರ ಊಹೆಯಲ್ಲ.

ಈಗ ಪೇಟೆಯ ಸಾಮೀಪ್ಯದ ಪ್ರಶ್ನೆಗೆ ಮರಳೋಣ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ಪಟ್ಟಣದ ನೆರೆಯ ಊರುಗಳಿಗೆ ಯಥಾರ್ಥವಾಗಿ ಸಲ್ಲುತ್ತದೆ. ಬಸ್ಸಿನ ಸೌಕರ್ಯವಿಲ್ಲದ ಕಾಲದಲ್ಲಿ ವೈದ್ಯನೂ ಮೇಷ್ಟರೂ ಹಳ್ಳಿಯಲ್ಲಿಯೇ ಇರುತ್ತಿದ್ದರು, ಬೇರೆ ದಾರಿಯಿಲ್ಲದೆ. ರಸ್ತೆ ಚೆನ್ನಾದ ಮೇಲೆ ಅವರು ಬೆಳಿಗ್ಗೆ ಬಂದು ಸಂಜೆ ಹೋಗುವವರಾದರು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿಕೊಂಡು ಹೋಗುವ ೧೫೦ಎ ರಾಷ್ಟ್ರೀಯ ಹೆದ್ದಾರಿಯು ಈ ಸೀಮೆಯ ಊರುಗಳಿಗೆ ಪಟ್ಟಣವನ್ನು ಹತ್ತಿರ ತಂದಿತು. ಅದೇ ದಾರಿಯಲ್ಲಿ ಊರಿನ ಬತ್ತಳಿಕೆಯಲ್ಲಿದ್ದ ಒಂದೊಂದೂ ಪಟ್ಟಣಕ್ಕೆ ಹೊರಟಿತು. ಹಳ್ಳಿಯ ಮಕ್ಕಳು ಮೇಷ್ಟರನ್ನು ಗಡಿಯಾರದ ಮನುಷ್ಯನೆಂದು ಮಾತ್ರ ಬಲ್ಲರು. ಅವರು ಸಂಜೆ ಪುಸ್ತಕ ಓದುವುದನ್ನು ನೋಡಿದ ಮಗು ಊರಿನಲ್ಲಿ ಇರುವುದಿಲ್ಲ. ಕನ್ನಡ ಪಾಠದ ಗುಣವು ಕೆಟ್ಟುದಕ್ಕೆ ಕಾರಣಗಳನ್ನು ಹುಡುಕುವ ಸಮಿತಿಗಳು ಪಠ್ಯಪುಸ್ತಕವನ್ನು ಬಯ್ಯುವಷ್ಟು ಈ ಬಸ್ಸಿನ ವೇಳೆಯನ್ನು ಬಯ್ಯುವುದನ್ನು ನಾವು ಕಾಣಲಿಲ್ಲ.

ಆದುದರಿಂದ ಸಾಮೀಪ್ಯವು ಊರನ್ನು ಸಾಕುತ್ತಿದೆಯೋ ಹೀರುತ್ತಿದೆಯೋ ಎಂಬುದನ್ನು ತಿಳಿಯುವ ಉಪಾಯ ಬೇಕು. ಆ ಉಪಾಯವು ಊರಿನ ಹೆಸರಿನಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಮನೆ ನೋಡಲು ಹೋಗುವವನು ಎರಡು ದಿನ ಹೋಗಬೇಕು: ಒಂದು ದಿನ ಸಂತೆ ಕೂಡುವಾಗ, ಇನ್ನೊಂದು ಅದರ ಮರುದಿನ. ಸಂತೆಯ ದಿನ ನೋಡತಕ್ಕದ್ದು ಸರಕಿನ ರಾಶಿಯನ್ನಲ್ಲ, ಸರಕು ಬಂದ ದಿಕ್ಕನ್ನು. ಸುತ್ತಣ ಹೊಲದ ಬದನೆ, ಜೋಳ, ಕುರಿ, ಕಂಬಳಿ, ಮಡಕೆ, ಕುಡಗೋಲುಗಳನ್ನು ಮಾಡಿದವರೇ ತಂದು ಮಾರುತ್ತಿದ್ದರೆ ಊರು ತನ್ನ ಸೀಮೆಗೆ ಇನ್ನೂ ಕೇಂದ್ರವಾಗಿದೆ. ಪಟ್ಟಣದ ವ್ಯಾಪಾರಿಯು ವಾಹನದಲ್ಲಿ ತಂದ ಪ್ಲಾಸ್ಟಿಕ್ ಕೊಡಗಳೂ, ದೂರದ ಮಂಡಿಯ ತರಕಾರಿಯೂ ಮಾತ್ರವೇ ಕಂಡರೆ, ಹೆಸರಿನಲ್ಲಿ ಸಂತೆಯಿದ್ದರೂ ಅದು ಪಟ್ಟಣದ ಒಂದು ಅಂಗಡಿಯ ವಿಸ್ತಾರವಷ್ಟೆ. ಹೆಂಗಸರು ಕುಳಿತು ಮಾರುವ ಸಾಲು ಎಷ್ಟು ಉದ್ದವಿದೆಯೆಂಬುದನ್ನೂ ನೋಡಬೇಕು. ಅದು ಉದ್ದವಾಗಿದ್ದಷ್ಟು ಊರಿನ ಹಣವು ಊರಿನ ಮನೆಗಳಿಗೆ ಹೋಗುತ್ತದೆ. ಸಂತೆಯಲ್ಲಿ ಮನೆ ಮಾಡಿದವನ ಪಾಡನ್ನು ಅಕ್ಕಮಹಾದೇವಿಯ ವಚನದಿಂದ ಬಲ್ಲ ನಮ್ಮ ವಾಚಕರಿಗೆ, ಮನೆಯು ಸಂತೆಯ ಬಯಲಿಗೆ ತೀರ ಹತ್ತಿರ ಬೇಡವೆಂದು ಬೇರೆ ಹೇಳಬೇಕಾಗಿಲ್ಲ.

ಮರುದಿನದ ನೋಟವು ಇನ್ನೂ ಮುಖ್ಯ. ಸಂತೆ ಚದರಿದ ಮೇಲೆ ಬಯಲನ್ನು ಗುಡಿಸಿದ್ದಾರೆಯೇ, ಬಿಟ್ಟಿದ್ದಾರೆಯೇ? ಕಮ್ಮಾರನ ತಿದಿ ಊದುತ್ತಿದೆಯೇ? ಶಾಲೆಯ ಗಂಟೆ ಬಾರಿಸಿದ ಮೇಲೆ ಎಷ್ಟು ಮಂದಿ ಮೇಷ್ಟರು ನಡೆದು ಬರುತ್ತಾರೆ, ಎಷ್ಟು ಮಂದಿ ಬಸ್ಸಿನಿಂದ ಇಳಿಯುತ್ತಾರೆ? ಸಂಜೆ ಮಠದಲ್ಲಿಯೋ ಗುಡಿಯಲ್ಲಿಯೋ ಭಜನೆಗೆ ಹತ್ತು ಮಂದಿ ಸೇರುವರೇ? ಎರಡು ಹೊತ್ತಿನ ನಡುವೆ ವಿದ್ಯುತ್ತು ಎಷ್ಟು ಬಾರಿ ಹೋಗುವುದು? ಇವೆಲ್ಲಕ್ಕೂ ಉತ್ತರವನ್ನು ಕಣ್ಣೇ ಕೊಡುತ್ತದೆ. ಇನ್ನೊಂದು ಪ್ರಶ್ನೆಯನ್ನು ಮಾತ್ರ ಬಾಯಿಬಿಟ್ಟು ಕೇಳಬೇಕು, ಅದೂ ಮನೆಯ ಯಜಮಾನನನ್ನಲ್ಲ, ಊರಿನ ಹೊರಕೇರಿಯವರನ್ನು: ಹೊಸಬನಿಗೆ ಈ ಊರಿನಲ್ಲಿ ಮನೆ ಕೊಡುವಾಗ ಏನನ್ನು ವಿಚಾರಿಸುತ್ತಾರೆ? ಜಾತಿಯನ್ನು ಕೇಳಿ ಬಾಗಿಲು ಮುಚ್ಚುವ ಊರಿನಲ್ಲಿ ನೀರು, ಸಂತೆ, ಮಠ ಎಲ್ಲವೂ ಇದ್ದು ಪ್ರಯೋಜನವಿಲ್ಲ. ನೀತಿಕಾರನು ಇದನ್ನು ಎಣಿಸಲಿಲ್ಲ. ಅವನ ಕೇಳುಗನಿಗೆ ಬಾಗಿಲು ಮೊದಲೇ ತೆರೆದಿತ್ತು. ಇಂದು ವರ್ಗಾವಣೆಯ ಆಜ್ಞೆಯನ್ನು ಕೈಯಲ್ಲಿ ಹಿಡಿದು ಬರುವ ಅಧ್ಯಾಪಕರೆಲ್ಲರಿಗೂ ಹಾಗೆ ತೆರೆದಿರುವುದಿಲ್ಲ. ಅನೇಕರು ಪಟ್ಟಣದಲ್ಲಿಯೇ ಉಳಿಯುವುದಕ್ಕೆ ಬಸ್ಸಿನ ಸೌಕರ್ಯಕ್ಕಿಂತ ಈ ಬಾಗಿಲೇ ಕಾರಣ. ಹಳ್ಳಿಯಲ್ಲಿ ವಾಸಮಾಡದ ಮೇಷ್ಟರನ್ನು ದೂಷಿಸುವವರು, ಮೇಲೆ ಹಾಗೆ ದೂಷಿಸಿದ ನಾವೂ ಸೇರಿ, ಇದನ್ನು ನೆನಪಿಡಬೇಕು.

ಇಷ್ಟನ್ನು ನೋಡಿದ ಮೇಲೆ ನಮ್ಮ ಸಲಹೆಯನ್ನು ಹೇಳಬಹುದು. ಮನೆಯಲ್ಲಿ ರೋಗಿಗಳಿಲ್ಲದ, ಸೇವೆಯ ಆರಂಭದಲ್ಲಿರುವ, ಹಳಗನ್ನಡದೊಡನೆ ಆಡುಗನ್ನಡವನ್ನೂ ಕಲಿಯಬೇಕೆಂಬ ಆಸೆಯುಳ್ಳ ಅಧ್ಯಾಪಕನಿಗೆ, ನೀರಿನ ಪರೀಕ್ಷೆಯಲ್ಲಿಯೂ ಬಾಗಿಲಿನ ಪರೀಕ್ಷೆಯಲ್ಲಿಯೂ ಊರು ಗೆದ್ದರೆ, ಸಂತೆಕಲ್ಲೂರಿನಂತಹ ಊರು ಸಿಂಧನೂರಿಗಿಂತ ಮೇಲು.  ಬಾಡಿಗೆಯಲ್ಲಿ ಒಂದಿಷ್ಟು ಉಳಿದೀತು. ಮನೆ ಕಟ್ಟಿಸುವ ಯೋಚನೆಯನ್ನು ಮೊದಲ ವರ್ಷ ಮಾಡಲಾಗದು. ಒಂದು ಬೇಸಗೆಯನ್ನು, ಚೈತ್ರ ವೈಶಾಖಗಳ ಆ ಕಲ್ಲು ಕಾಯುವ ಬಿಸಿಲನ್ನು, ಬಾಡಿಗೆಯ ಮನೆಯಲ್ಲಿಯೇ ಕಳೆಯಬೇಕು. ಗುಳೆ ಹೋದವರು ಮುಂಗಾರಿನ ಮೊದಲ ಮಳೆಗೆ ಮರಳಿ ಬಂದು ಬೀಗ ತೆಗೆಯುವವರೆಗೆ ಕಾದು, ಅವರು ಬಂದ ವಾರದ ಸಂತೆಯನ್ನು ನೋಡಿ, ಆಮೇಲೆ ನಿವೇಶನದ ಮಾತನ್ನು ಎತ್ತಬೇಕು.